ಬ್ಯಾಕಪ್ ಚಾಲೂ ಇದ್ದರೂ ಪ್ರತಿಗಳು ಹಳೆಯವಾಗಿದ್ದರೆ: ವಿಂಡೋಸ್ ಫೈಲ್ ಹಿಸ್ಟರಿಯ ದೋಷ ಪತ್ತೆ

ಲಕ್ಷಣ

ಶಿರಸಿ ಕಡೆಯ ನಮ್ಮ ಊರಮನೆಯ ಗಣಕದಲ್ಲಿ 2025ರ ಜನವರಿಯಲ್ಲಿ ಅಡಿಕೆ ವಕಾರಿಯ (ಮಂಡಿಯ) ಲೆಕ್ಕದ ಎಕ್ಸೆಲ್ ಫೈಲೊಂದು ಕೈತಪ್ಪಿ ಅಳಿಸಿಹೋಯಿತು. ಮೇಜಿನ ಮೇಲೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇತ್ತು, ಅದರ ನೀಲಿ ದೀಪ ಉರಿಯುತ್ತಿತ್ತು, ವಿಂಡೋಸ್ 10ರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಫೈಲ್ ಹಿಸ್ಟರಿ ಈಸ್ ಆನ್’ ಎಂದೇ ಬರೆದಿತ್ತು. ಆದರೆ ಡಿಸ್ಕಿನೊಳಗೆ ಹೋಗಿ ನೋಡಿದರೆ ಆ ಫೈಲಿನ ಕಡೆಯ ಪ್ರತಿ 2024ರ ಜೂನ್ 11ರದು. ಏಳು ತಿಂಗಳ ಲೆಕ್ಕ ಎಲ್ಲಿಯೂ ಇರಲಿಲ್ಲ.

ಈ ಕೈಪಿಡಿ ಅಂತಹ ಸ್ಥಿತಿಗಾಗಿ ಬರೆದದ್ದು: ಬ್ಯಾಕಪ್ ಸ್ಥಾಪಿಸಿಯಾಗಿದೆ, ಯಾವ ದೋಷಸಂದೇಶವೂ ಕಣ್ಣಿಗೆ ಬೀಳುತ್ತಿಲ್ಲ, ಆದರೆ ಪ್ರತಿಗಳು ಹಳೆಯವು, ಅಪೂರ್ಣ, ಅಥವಾ ತೆರೆಯದಂಥವು. ಇಲ್ಲಿ ಮುಖ್ಯವಾಗಿ ವಿಂಡೋಸ್ 10 ಮತ್ತು 11ರಲ್ಲಿರುವ ಫೈಲ್ ಹಿಸ್ಟರಿಯನ್ನು, ಅಂದರೆ ಫೈಲುಗಳ ಪ್ರತಿಗಳನ್ನು ಬೇರೆ ಡಿಸ್ಕಿಗೆ ತಾನಾಗಿ ತೆಗೆದಿಡುವ ಸೌಲಭ್ಯವನ್ನು, ಗಮನದಲ್ಲಿಟ್ಟುಕೊಂಡಿದ್ದೇನೆ. ನಿಗದಿತ ವೇಳೆಗೆ ಕೆಲಸ ನಡೆಸುವ ಟಾಸ್ಕ್ ಶೆಡ್ಯೂಲರ್‌ಗೆ, ಫೋಲ್ಡರುಗಳನ್ನು ನಕಲು ಮಾಡುವ ರೋಬೋಕಾಪಿ ಆಜ್ಞೆಯನ್ನು ಜೋಡಿಸಿಕೊಂಡವರಿಗಾಗಿ ಮುಂದೆ ಪ್ರತ್ಯೇಕ ಭಾಗವಿದೆ. ನನ್ನ ಅನುಭವದಲ್ಲಿ ಈ ದೋಷವನ್ನು ಹುಡುಕುವವರು ದಾರಿ ತಪ್ಪುವುದು ಒಂದೇ ಕಡೆ. ಅವರು ಪರದೆಯ ಮೇಲಿನ ಸಂದೇಶದಿಂದ ಹೊರಡುತ್ತಾರೆ. ಹೊರಡಬೇಕಾದದ್ದು ಡಿಸ್ಕಿನಲ್ಲಿ ನಿಜವಾಗಿ ಕುಳಿತಿರುವ ಕಡೆಯ ಪ್ರತಿಯಿಂದ, ಏಕೆಂದರೆ ‘ಆನ್’ ಎಂಬ ಮಾತು ವ್ಯವಸ್ಥೆ ಸಿದ್ಧವಿದೆ ಎನ್ನುತ್ತದೆಯೇ ಹೊರತು ನಿಮ್ಮ ಫೈಲ್ ಅಲ್ಲಿಗೆ ತಲುಪಿದೆ ಎನ್ನುವುದಿಲ್ಲ.

ಏನನ್ನೂ ಮುಟ್ಟುವ ಮೊದಲು

ಫೈಲ್ ಹಿಸ್ಟರಿಯನ್ನು ಆರಿಸಿ ಮತ್ತೆ ಚಾಲೂ ಮಾಡುವುದು, ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ಶುರುಮಾಡುವುದು, ಜಾಗ ಸಾಲದೆಂದು ‘ಕ್ಲೀನ್ ಅಪ್ ವರ್ಷನ್ಸ್’ ಒತ್ತುವುದು, ಈ ಮೂರನ್ನೂ ಈಗ ಮಾಡಬೇಡಿ. ಹಳೆಯದೇ ಆದರೂ ಡಿಸ್ಕಿನಲ್ಲಿರುವುದು ನಿಮ್ಮ ಬಳಿ ಉಳಿದಿರುವ ಏಕೈಕ ಪ್ರತಿಯಾಗಿರಬಹುದು. ಫೈಲ್ ಹಿಸ್ಟರಿಯ ಒಂದು ದೊಡ್ಡ ಅನುಕೂಲವೆಂದರೆ ಅದು ಪ್ರತಿಗಳನ್ನು ಯಾವುದೋ ಗೂಢ ಕಟ್ಟಿನೊಳಗೆ ತುಂಬದೆ ಸಾಮಾನ್ಯ ಫೈಲುಗಳಾಗಿಯೇ ಇಡುತ್ತದೆ. ಡಿಸ್ಕಿನಲ್ಲಿ ‘ಫೈಲ್‌ಹಿಸ್ಟರಿ’ ಎಂಬ ಫೋಲ್ಡರ್, ಅದರೊಳಗೆ ಬಳಕೆದಾರರ ಹೆಸರು, ಅದರೊಳಗೆ ಗಣಕದ ಹೆಸರು, ಅದರೊಳಗೆ ‘ಡೇಟಾ’, ಆಮೇಲೆ ‘ಸಿ’ ಎಂಬ ಡ್ರೈವ್ ಅಕ್ಷರ, ಅಲ್ಲಿಂದ ಮುಂದೆ ನಿಮ್ಮ ಗಣಕದಲ್ಲಿರುವ ಫೋಲ್ಡರುಗಳೇ ಅದೇ ಕ್ರಮದಲ್ಲಿ ಕಾಣುತ್ತವೆ. ಈ ‘ಫೈಲ್‌ಹಿಸ್ಟರಿ’ ಫೋಲ್ಡರನ್ನು ಇನ್ನೊಂದು ಡಿಸ್ಕಿಗೋ ಇನ್ನೊಂದು ಗಣಕಕ್ಕೋ ಪೂರ್ತಿಯಾಗಿ ನಕಲು ಮಾಡಿಟ್ಟ ಮೇಲೆಯೇ ದುರಸ್ತಿಗೆ ಕೈಹಾಕಬೇಕು. ನಕಲು ಮಾಡುವಾಗಲೇ ಡಿಸ್ಕ್ ತಡೆದು ತಡೆದು ಓದಿದರೆ, ಇಲ್ಲವೇ ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬಂದರೆ, ಕೆಟ್ಟಿರುವುದು ಸಾಫ್ಟ್‌ವೇರ್ ಅಲ್ಲ. ಆಗ ಅತ್ಯಗತ್ಯವಾದ ಫೋಲ್ಡರುಗಳನ್ನು ಮೊದಲು ಹೊರತೆಗೆದು, ಆ ಡಿಸ್ಕನ್ನು ಬ್ಯಾಕಪ್ ಕೆಲಸದಿಂದ ಬಿಡಿಸಿಬಿಡಿ.

ಕಡೆಯ ಪ್ರತಿಯ ಹೆಸರನ್ನು ಓದುವುದು

ಡಿಸ್ಕಿನಲ್ಲಿರುವ ಪ್ರತಿಯೊಂದು ನಕಲಿನ ಹೆಸರಿನ ಕೊನೆಗೂ ಫೈಲ್ ಹಿಸ್ಟರಿ ಒಂದು ಕಾಲಮುದ್ರೆ ಸೇರಿಸುತ್ತದೆ. ನಮ್ಮ ಫೈಲಿನ ಹೆಸರು ‘ವಕಾರಿ ಲೆಕ್ಕ’ ಎಂದಿದ್ದರೆ ಪ್ರತಿಯ ಹೆಸರು ‘ವಕಾರಿ ಲೆಕ್ಕ (2024_06_11 13_42_07 ಯುಟಿಸಿ)’ ಎಂಬಂತಿತ್ತು. ಇದನ್ನು ಓದುವಾಗ ಎಡವುವವರು ಬಹಳ. ಯುಟಿಸಿ ಎಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿನ ಕಾಲಮಾನ. 13_42 ಎಂದಿದ್ದದ್ದು ಮಧ್ಯಾಹ್ನ 1.42 ಅಲ್ಲ, ಸಂಜೆ 7.12. ಬೆಳಗಿನ ಜಾವದ ಕೆಲಸವಾದರೆ ತಾರೀಖೇ ಬದಲಾಗುತ್ತದೆ: ಜೂನ್ 12ರ ಬೆಳಿಗ್ಗೆ 5 ಗಂಟೆಗೆ ಹೋದ ಪ್ರತಿಯ ಮೇಲೆ ಜೂನ್ 11 ಎಂದೇ ಇರುತ್ತದೆ. ಅಮೆರಿಕದಲ್ಲಿರುವ ಮಗಳು ದೂರದಿಂದ ಗಣಕ ನೋಡಿಕೊಡುವ ಮನೆಗಳಲ್ಲಿ ಈ ಲೆಕ್ಕ ಇನ್ನೂ ಗೊಂದಲವಾಗುತ್ತದೆ. ಎರಡೂ ಕಡೆಯವರು ತಮ್ಮ ತಮ್ಮ ಗಡಿಯಾರವನ್ನು ಬಿಟ್ಟು ಯುಟಿಸಿಯಲ್ಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ. ಫೈಲ್ ಹಿಸ್ಟರಿ ಬದಲಾದ ಫೈಲುಗಳನ್ನು ಮಾತ್ರ ಹೊಸದಾಗಿ ನಕಲು ಮಾಡುತ್ತದೆ. ಎರಡು ವರ್ಷದಿಂದ ಯಾರೂ ಮುಟ್ಟದ ಮದುವೆಯ ಫೋಟೋದ ಪ್ರತಿ ಎರಡು ವರ್ಷ ಹಳೆಯದಾಗಿದ್ದರೆ ಅದು ದೋಷವಲ್ಲ. ಆದ್ದರಿಂದ ಪರೀಕ್ಷೆಗೆ ಹೊಸ ಫೈಲನ್ನೇ ಬಳಸಬೇಕು. ಡೆಸ್ಕ್‌ಟಾಪ್ ಮೇಲೆ ನೋಟ್‌ಪ್ಯಾಡಿನಲ್ಲಿ ಒಂದು ಸಾಲು ಬರೆದು, ಇಂದಿನ ತಾರೀಖನ್ನೇ ಹೆಸರಾಗಿ ಕೊಟ್ಟು ಉಳಿಸಿ. ಅಂಥದ್ದೇ ಇನ್ನೊಂದನ್ನು ಡಾಕ್ಯುಮೆಂಟ್ಸ್‌ನಲ್ಲಿ, ಮತ್ತೊಂದನ್ನು ನಿಮಗೆ ನಿಜವಾಗಿ ಬೇಕಾದ ಫೋಲ್ಡರಿನ ಒಳಗಿನ ಒಳಗೆ ಇಡಿ. ಕಂಟ್ರೋಲ್ ಪ್ಯಾನೆಲ್‌ನ ಫೈಲ್ ಹಿಸ್ಟರಿ ಪುಟದಲ್ಲಿ ‘ರನ್ ನೌ’ ಒತ್ತಿ, ಮುಗಿಯುವವರೆಗೆ ಕಾದು, ಆಮೇಲೆ ಡಿಸ್ಕಿನೊಳಗೆ ಹೋಗಿ ಮೂರೂ ಫೈಲುಗಳನ್ನು ಕಣ್ಣಾರೆ ಹುಡುಕಿ. ಮೂರರಲ್ಲಿ ಒಂದೂ ಹೋಗದಿದ್ದರೆ ತೊಂದರೆ ಡಿಸ್ಕ್, ಕೇಬಲ್ ಅಥವಾ ಸೇವೆಯಲ್ಲಿದೆ. ಕೆಲವು ಹೋಗಿ ಕೆಲವು ಹೋಗದಿದ್ದರೆ ತೊಂದರೆ ಫೋಲ್ಡರಿನ ಆಯ್ಕೆಯಲ್ಲೋ ಹೆಸರಿನಲ್ಲೋ ಇದೆ. ಎಲ್ಲವೂ ಹೋಗಿ, ಆದರೆ ತೆರೆದಾಗ ಓದಲು ಬಾರದಿದ್ದರೆ ಅದು ಬೇರೆಯೇ ಜಾತಿಯ ತೊಂದರೆ.

ಒಂದೂ ಹೋಗುತ್ತಿಲ್ಲವಾದರೆ

ನಮ್ಮ ಮನೆಯಲ್ಲಿ ಆಗಿದ್ದು ಇದೇ. ಜೂನ್ 11ರ ಸಂಜೆ ಏನಾಯಿತೆಂದು ಮನೆಯವರನ್ನು ಕೇಳಿದಾಗ ಉತ್ತರ ಸುಲಭವಾಗಿ ಸಿಕ್ಕಿತು. ಅಂದು ಗುಡುಗು ಸಿಡಿಲು ಜೋರಾಗಿ, ಮಲೆನಾಡಿನ ಎಲ್ಲ ಮನೆಗಳಲ್ಲಿ ಮಾಡುವಂತೆ ಟಿವಿ, ಮೋಡೆಮ್, ಗಣಕ, ಡಿಸ್ಕ್ ಎಲ್ಲದರ ಪ್ಲಗ್ಗನ್ನೂ ಕಿತ್ತಿಟ್ಟಿದ್ದರು. ಹಾಗೆ ಮಾಡಿದ್ದು ಸರಿ. ಮಳೆಗಾಲ ಮುಗಿಯುವವರೆಗೆ ಡಿಸ್ಕ್ ಕಪಾಟಿನಲ್ಲೇ ಇತ್ತು. ಬಹಳ ದಿನ ಡಿಸ್ಕ್ ಸಿಗದಿದ್ದಾಗ ‘ರೀಕನೆಕ್ಟ್ ಯುವರ್ ಡ್ರೈವ್’ ಎಂಬ ಸೂಚನೆಯನ್ನು ವಿಂಡೋಸ್ ಪರದೆಯ ಬಲಮೂಲೆಯಲ್ಲಿ ತೋರಿಸುತ್ತದೆ, ಆದರೆ ಅದು ಆಂಟಿವೈರಸ್ಸಿನ ನವೀಕರಣ, ಅಪ್‌ಡೇಟ್ ಮುಂತಾದ ಹತ್ತು ಸೂಚನೆಗಳ ನಡುವೆ ಬಂದು ಹೋಗಿರುತ್ತದೆ. ನಮ್ಮಲ್ಲಿ ಅಕ್ಟೋಬರ್‌ನಲ್ಲಿ ಡಿಸ್ಕನ್ನು ಮತ್ತೆ ಜೋಡಿಸಿದ್ದರು. ಹಾಗಾದರೆ ಅಲ್ಲಿಂದ ಮುಂದೆ ಪ್ರತಿಗಳು ಏಕೆ ಹೋಗಲಿಲ್ಲ?

ಇದಕ್ಕೆ ಉತ್ತರ, ಗಣಕದಲ್ಲಿ ನಡೆದದ್ದರ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಸಿಗುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಅದನ್ನು ಹುಡುಕಿ ತೆರೆದು, ‘ವಿಂಡೋಸ್ ಲಾಗ್ಸ್’ ಅಡಿಯ ‘ಸಿಸ್ಟಮ್’ ದಾಖಲೆಯಲ್ಲಿ ‘ಡಿಸ್ಕ್’ ಎಂಬ ಮೂಲದ ಸಾಲುಗಳನ್ನು ಸೋಸಿ ನೋಡಬೇಕು. ಅಲ್ಲಿ ಎರಡು ಸಂಖ್ಯೆಗಳು ಬಹಳ ಮುಖ್ಯ. ಸಂಖ್ಯೆ 7 ಎಂದರೆ ಡಿಸ್ಕಿನ ಮೇಲ್ಮೈಯಲ್ಲಿ ಓದಲಾಗದ ಭಾಗವಿದೆ ಎಂದು. ಸಂಖ್ಯೆ 157 ಎಂದರೆ ಗಣಕಕ್ಕೆ ಹೇಳದೆ ಕೇಳದೆ ಡಿಸ್ಕ್ ಕಾಣೆಯಾಯಿತು ಎಂದು. ಮೊದಲನೆಯದು ಡಿಸ್ಕಿನ ಆಯುಷ್ಯದ ಪ್ರಶ್ನೆ. ಎರಡನೆಯದು ಹೆಚ್ಚಾಗಿ ಕೇಬಲ್, ಪೋರ್ಟ್ ಅಥವಾ ವಿದ್ಯುತ್ತಿನ ಪ್ರಶ್ನೆ. ನಮ್ಮ ದಾಖಲೆಯಲ್ಲಿ 157 ಸಾಲು ಸಾಲಾಗಿ ನಿಂತಿದ್ದವು, 7 ಒಂದೂ ಇರಲಿಲ್ಲ. ಮೇಜನ್ನು ಕಿಟಕಿಯಿಂದ ದೂರ ಸರಿಸಿದ್ದರಿಂದ ಡಿಸ್ಕಿನ ಗಿಡ್ಡ ಕೇಬಲ್ಲಿಗೆ ಉದ್ದದ ಎಕ್ಸ್‌ಟೆನ್ಷನ್ ಸೇರಿಸಿ, ಅದನ್ನು ಗಣಕದ ಮುಂಭಾಗದ ಪೋರ್ಟಿಗೆ ಚುಚ್ಚಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮನೆಗಳಲ್ಲಿ ನಾನು ಕಂಡ ‘ನಿಂತುಹೋದ ಬ್ಯಾಕಪ್’ಗಳಲ್ಲಿ ಇದರ ಪಾಲು ದೊಡ್ಡದು. ಅಂಗೈಯಗಲದ ಎರಡೂವರೆ ಇಂಚಿನ ಡಿಸ್ಕಿಗೆ ಪ್ರತ್ಯೇಕ ಅಡಾಪ್ಟರ್ ಇರುವುದಿಲ್ಲ. ಅದು ತಿರುಗುವುದೂ ಬರೆಯುವುದೂ ಯುಎಸ್‌ಬಿ ಪೋರ್ಟು ಕೊಡುವ ವಿದ್ಯುತ್ತಿನಲ್ಲೇ. ಯುಎಸ್‌ಬಿ 2.0 ಪೋರ್ಟಿನ ಮಿತಿ 500 ಮಿಲಿಆಂಪಿಯರ್, 3.0ದ್ದು 900. ತೆಳುವಾದ, ಉದ್ದದ ತಂತಿಯಲ್ಲಿ ವೋಲ್ಟೇಜ್ ಇಳಿಯುತ್ತದೆ. ಹೀಗೆ ಇಳಿದಾಗಲೂ ದೀಪ ಉರಿಯುತ್ತಲೇ ಇರುತ್ತದೆ, ಡಿಸ್ಕ್ ‘ದಿಸ್ ಪಿಸಿ’ಯಲ್ಲಿ ಕಾಣುತ್ತಲೂ ಇರುತ್ತದೆ, ಒಂದೇ ಸಮನೆ ಬರೆಯುವ ಕೆಲಸ ಶುರುವಾಗಿ ಬೇಡಿಕೆ ಹೆಚ್ಚಿದ ಕ್ಷಣದಲ್ಲಿ ಮಾತ್ರ ಸಂಪರ್ಕ ಕಡಿದು, ಕೆಲ ಸೆಕೆಂಡಿನಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಯುಎಸ್‌ಬಿ ಕಳಚಿದಾಗ ಮತ್ತು ಕೂಡಿದಾಗ ವಿಂಡೋಸ್ ಮಾಡುವ ‘ಟುಂಡುಂ’ ಸದ್ದು ಯಾರೂ ಏನೂ ಮುಟ್ಟದಿರುವಾಗ ಕೇಳಿಸಿದರೆ ಅದನ್ನೇ ಸುಳಿವೆಂದು ಹಿಡಿಯಬೇಕು. ಪರಿಹಾರ ಸರಳ: ಎಕ್ಸ್‌ಟೆನ್ಷನ್ ಮತ್ತು ಹಬ್ ತೆಗೆದು, ಡಿಸ್ಕಿನೊಂದಿಗೆ ಬಂದ ಗಿಡ್ಡ ಕೇಬಲ್ಲನ್ನೇ ಗಣಕದ ಹಿಂಭಾಗದ ನೀಲಿ (ಯುಎಸ್‌ಬಿ 3.0) ಪೋರ್ಟಿಗೆ ನೇರವಾಗಿ ಹಾಕಿ, ಮತ್ತೆ ಪರೀಕ್ಷಾ ಫೈಲಿನಿಂದ ಶುರುಮಾಡಿ. ಮೂರೂವರೆ ಇಂಚಿನ ದೊಡ್ಡ ಡಿಸ್ಕ್ ಇರುವವರ ಕಥೆ ಬೇರೆ. ಅದಕ್ಕೆ ತನ್ನದೇ ಅಡಾಪ್ಟರ್ ಬೇಕು, ಮತ್ತು ಆ ಅಡಾಪ್ಟರ್ ಯುಪಿಎಸ್ಸಿನಲ್ಲಿರದೆ ಗೋಡೆಯ ಸಾಕೆಟ್ಟಿನಲ್ಲಿದ್ದರೆ ಕರೆಂಟು ಹೋದಾಗ ಗಣಕ ಉಳಿದು ಡಿಸ್ಕ್ ಮಾತ್ರ ಆರುತ್ತದೆ. ಬರೆಯುವ ನಡುವೆ ಹೀಗಾದರೆ ಡಿಸ್ಕಿನ ಕಡತವ್ಯವಸ್ಥೆ ಹದಗೆಡಬಹುದು. ಗಣಕದ ಯುಪಿಎಸ್ಸಿಗೇ ಅಡಾಪ್ಟರನ್ನೂ ಹಾಕಿ.

ದಾಖಲೆಯಲ್ಲಿ 7 ಕಂಡರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕಿನ ಸ್ಮಾರ್ಟ್ ಮಾಹಿತಿಯನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕವನ್ನು, ಓದಿ. ಎಡಬದಿಯ ಕ್ರಮಾಂಕಗಳಲ್ಲಿ 05, ಸಿ5 ಮತ್ತು ಸಿ6 ಇವು ಮೂರೂ ಸೊನ್ನೆಯಾಗಿರಬೇಕು. ಮೊದಲನೆಯದು ಬದಲಿಸಲಾದ ಭಾಗಗಳನ್ನು, ಎರಡನೆಯದು ಬದಲಿಗಾಗಿ ಕಾಯುತ್ತಿರುವ ಭಾಗಗಳನ್ನು, ಮೂರನೆಯದು ಸರಿಪಡಿಸಲಾಗದ ಭಾಗಗಳನ್ನು ಎಣಿಸುತ್ತದೆ. ಸಿ5 ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕಿನ ಮೇಲೆ ದೋಷಪರೀಕ್ಷೆ ನಡೆಸುವುದೂ ಬೇಡ. ಡಿಸ್ಕ್ ಪ್ರಾಪರ್ಟೀಸ್‌ನ ‘ಚೆಕ್’ ಗುಂಡಿ ಸೋತ ಡಿಸ್ಕನ್ನು ಇನ್ನಷ್ಟು ದುಡಿಸುತ್ತದೆ. ಪ್ರತಿ ತೆಗೆದುಕೊಂಡು ಹೊಸ ಡಿಸ್ಕ್ ಕೊಳ್ಳಿ. ಮೂರೂ ಸೊನ್ನೆಯಿದ್ದು, ಕರೆಂಟು ಹೋದ ಮೇಲೆ ತೊಂದರೆ ಶುರುವಾಗಿದ್ದರೆ ಮಾತ್ರ ‘ಚೆಕ್’ ನಡೆಸಬಹುದು.

ಡಿಸ್ಕ್, ಕೇಬಲ್ ಎರಡೂ ಚೆನ್ನಾಗಿದ್ದರೆ ಉಳಿಯುವುದು ಜಾಗ ಮತ್ತು ಸಂರಚನೆ. ಫೈಲ್ ಹಿಸ್ಟರಿ ಹುಟ್ಟುಗುಣದಂತೆ ಎಲ್ಲ ಹಳೆಯ ಆವೃತ್ತಿಗಳನ್ನೂ ಎಂದೆಂದಿಗೂ ಉಳಿಸಿಕೊಳ್ಳುತ್ತದೆ, ಪ್ರತಿ ಗಂಟೆಗೊಮ್ಮೆ ಬದಲಾವಣೆ ಹುಡುಕುತ್ತದೆ. ದೊಡ್ಡ ವಿಡಿಯೋ ಫೈಲನ್ನು ದಿನವಿಡೀ ತಿದ್ದುವವರ ಡಿಸ್ಕ್ ಬೇಗ ತುಂಬುವುದು ಸಹಜ. ‘ಅಡ್ವಾನ್ಸ್ಡ್ ಸೆಟ್ಟಿಂಗ್ಸ್’ನಲ್ಲಿ ‘ಫಾರ್ಎವರ್’ ಬದಲು ‘ಅಂಟಿಲ್ ಸ್ಪೇಸ್ ಈಸ್ ನೀಡೆಡ್’ ಆಯ್ದರೆ ಮನೆಬಳಕೆಗೆ ಸಾಕು. ಸಂರಚನೆಯೇ ಕೆಟ್ಟಿದೆ ಎನ್ನಿಸಿದರೆ, ಅಂದರೆ ‘ರನ್ ನೌ’ ಒತ್ತಿದ ತಕ್ಷಣ ಏನೂ ಆಗದೆ ನಿಂತರೆ, ಫೈಲ್ ಹಿಸ್ಟರಿಯನ್ನು ಆರಿಸಿ, ಬಳಕೆದಾರರ ‘ಆ್ಯಪ್‌ಡೇಟಾ › ಲೋಕಲ್ › ಮೈಕ್ರೋಸಾಫ್ಟ್ › ವಿಂಡೋಸ್ › ಫೈಲ್‌ಹಿಸ್ಟರಿ’ ಒಳಗಿನ ‘ಕಾನ್ಫಿಗರೇಷನ್’ ಫೋಲ್ಡರಿಗೆ ಬೇರೆ ಹೆಸರಿಟ್ಟು (ಅಳಿಸದೆ), ಹೊಸದಾಗಿ ಅದೇ ಡಿಸ್ಕನ್ನು ಆಯ್ಕೆಮಾಡಿ ಚಾಲೂ ಮಾಡಬೇಕು. ಆರಂಭದಲ್ಲಿ ತೆಗೆದಿಟ್ಟ ನಕಲು ಈ ಹಂತಕ್ಕಾಗಿಯೇ.

ಕೆಲವು ಹೋಗಿ ಕೆಲವು ಹೋಗದಿದ್ದರೆ

ಕೇಬಲ್ ಬದಲಿಸಿದ ಮೇಲೆ ನಮ್ಮ ಡೆಸ್ಕ್‌ಟಾಪಿನ ಪರೀಕ್ಷಾ ಫೈಲ್ ಹೋಯಿತು, ಡಾಕ್ಯುಮೆಂಟ್ಸ್‌ನದೂ ಹೋಯಿತು, ಮೂರನೆಯದು ಹೋಗಲಿಲ್ಲ. ಆಗ ‘ಫೈಲ್ಸ್ ಲಾಸ್ಟ್ ಕಾಪೀಡ್ ಆನ್’ ಎಂಬ ಸಾಲು ಆ ದಿನದ ತಾರೀಖನ್ನೇ ತೋರಿಸುತ್ತಿತ್ತು. ಇಲ್ಲಿಗೇ ನಿಲ್ಲಿಸಿದ್ದರೆ ಇನ್ನೊಂದು ಜನವರಿಯಲ್ಲಿ ಅದೇ ದುಃಖ ಕಾದಿರುತ್ತಿತ್ತು.

ಮೊದಲ ಕಾರಣ ವ್ಯಾಪ್ತಿ. ಫೈಲ್ ಹಿಸ್ಟರಿ ಇಡೀ ಗಣಕವನ್ನು ನಕಲು ಮಾಡುವುದಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್ ಮೊದಲಾದ ಬಳಕೆದಾರರ ಫೋಲ್ಡರುಗಳು ಮತ್ತು ‘ಲೈಬ್ರರೀಸ್’ಗೆ (ಬೇರೆ ಬೇರೆ ಜಾಗದ ಫೋಲ್ಡರುಗಳನ್ನು ಒಂದೆಡೆ ತೋರಿಸುವ ಪಟ್ಟಿಗಳಿಗೆ) ಸೇರಿದವುಗಳನ್ನು ಮಾತ್ರ ನೋಡುತ್ತದೆ. ‘ಡಿ’ ಡ್ರೈವಿನಲ್ಲಿ ‘ಮನೆ ಲೆಕ್ಕ’ ಎಂದು ಫೋಲ್ಡರ್ ಮಾಡಿಕೊಂಡವರ ಮತ್ತು ತನ್ನದೇ ಜಾಗದಲ್ಲಿ ದತ್ತಾಂಶವಿಡುವ ಲೆಕ್ಕಪತ್ರದ ತಂತ್ರಾಂಶ ಬಳಸುವವರ ಫೈಲುಗಳು ತಾವಾಗಿ ಸೇರುವುದಿಲ್ಲ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್‌ನ ಬ್ಯಾಕಪ್ ಪುಟದ ‘ಮೋರ್ ಆಪ್ಷನ್ಸ್’ನಲ್ಲಿ ‘ಆ್ಯಡ್ ಎ ಫೋಲ್ಡರ್’ ಇದೆ. ವಿಂಡೋಸ್ 11ರಲ್ಲಿ ಆ ಪುಟವೇ ಇಲ್ಲ, ಫೈಲ್ ಹಿಸ್ಟರಿ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮಾತ್ರ ಉಳಿದಿದೆ. ಅಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ಎಡಪಟ್ಟಿಯಲ್ಲಿ ಬಲಕ್ಲಿಕ್ ಮಾಡಿ ‘ಶೋ ಲೈಬ್ರರೀಸ್’ ಆಯ್ದು, ಬೇಕಾದ ಫೋಲ್ಡರನ್ನು ಡಾಕ್ಯುಮೆಂಟ್ಸ್ ಲೈಬ್ರರಿಗೆ ಸೇರಿಸಬೇಕಾಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಬಹಳ ಮನೆಗಳು 11ಕ್ಕೆ ಹೋಗಿರುವುದರಿಂದ, ಹಾಗೆ ಹೋದವರು ತಾವು ಹಿಂದೆ ಸೇರಿಸಿದ್ದ ಫೋಲ್ಡರುಗಳು ಈಗಲೂ ಪಟ್ಟಿಯಲ್ಲಿವೆಯೇ ಎಂದು ಪರೀಕ್ಷಾ ಫೈಲಿಟ್ಟು ನೋಡಲೇಬೇಕು.

ಎರಡನೆಯ ಕಾರಣ ಒನ್‌ಡ್ರೈವ್, ಅಂದರೆ ಫೈಲುಗಳನ್ನು ಅಂತರ್ಜಾಲದಲ್ಲಿಡುವ ಮೈಕ್ರೋಸಾಫ್ಟಿನ ಸೇವೆ. ಹೊಸ ಗಣಕ ಸಿದ್ಧಪಡಿಸುವಾಗ ಕೇಳಿದ್ದಕ್ಕೆಲ್ಲ ‘ನೆಕ್ಸ್ಟ್’ ಒತ್ತುತ್ತ ಹೋದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಒನ್‌ಡ್ರೈವ್ ಫೋಲ್ಡರಿನ ಒಳಗೆ ಸರಿದುಹೋಗಿರುತ್ತವೆ. ಅಲ್ಲಿ ಫೈಲಿನ ಪಕ್ಕದಲ್ಲಿ ನೀಲಿ ಮೋಡದ ಗುರುತಿದ್ದರೆ ಆ ಫೈಲ್ ನಿಮ್ಮ ಗಣಕದಲ್ಲೇ ಇಲ್ಲ, ಹೆಸರು ಮಾತ್ರ ಇದೆ. ಇಲ್ಲದ್ದನ್ನು ಫೈಲ್ ಹಿಸ್ಟರಿ ನಕಲು ಮಾಡಲಾರದು. ಅಂಥ ಫೋಲ್ಡರಿನ ಮೇಲೆ ಬಲಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆಯ್ದು, ಗುರುತು ಹಸಿರಾಗುವವರೆಗೆ ಕಾಯಬೇಕು. ಒನ್‌ಡ್ರೈವ್ ಇದೆಯಲ್ಲ, ಬೇರೆ ಬ್ಯಾಕಪ್ ಏಕೆ ಎಂದು ನನ್ನನ್ನು ಅನೇಕರು ಕೇಳುತ್ತಾರೆ. ಉಚಿತವಾಗಿ ಸಿಗುವುದು 5 ಜಿಬಿ. ಅದು ಎರಡು ಕಡೆಯ ಫೈಲುಗಳನ್ನು ಸಮಗೊಳಿಸುತ್ತದೆಯಾದ್ದರಿಂದ ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, ಅಳಿದದ್ದು ಅದರ ಕಸದಬುಟ್ಟಿಯಲ್ಲಿ ಉಳಿಯುವುದು 30 ದಿನ. ಏಳು ತಿಂಗಳ ಮೇಲೆ ನೆನಪಾದ ವಕಾರಿ ಲೆಕ್ಕಕ್ಕೆ ಅದು ಆಸರೆಯಾಗುತ್ತಿರಲಿಲ್ಲ.

ಮೂರನೆಯದು ಕನ್ನಡದಲ್ಲಿ ಹೆಸರಿಡುವ ನಾವೇ ಹೆಚ್ಚು ಎದುರಿಸುವ ಕಾರಣ, ಮತ್ತು ನಮ್ಮ ಮೂರನೆಯ ಪರೀಕ್ಷಾ ಫೈಲ್ ಹೋಗದಿದ್ದದ್ದೂ ಇದರಿಂದಲೇ. ಡ್ರೈವ್ ಅಕ್ಷರದಿಂದ ಫೈಲ್ ಹೆಸರಿನ ಕೊನೆಯವರೆಗಿನ ಇಡೀ ಹಾದಿ 260 ಸಂಕೇತಗಳ ಮಿತಿಯನ್ನು ದಾಟಿದರೆ ಫೈಲ್ ಹಿಸ್ಟರಿ ಆ ಫೈಲನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಈ ಎಣಿಕೆ ನಾವು ಎಣಿಸುವ ಅಕ್ಷರಗಳದ್ದಲ್ಲ. ‘ಶ್ರೀಕ್ಷೇತ್ರ’ ಎಂಬುದನ್ನು ಕಣ್ಣು ಮೂರಕ್ಷರವೆಂದು ಎಣಿಸುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ಶ, ಅರ್ಧಾಕ್ಷರದ ಗುರುತು, ರ, ಈಕಾರದ ಗುರುತು ಎಂದು ಬಿಡಿಬಿಡಿಯಾಗಿ ಎಣಿಸಿದರೆ ಅದು ಹನ್ನೊಂದು. ಅದರ ಮೇಲೆ ಡಿಸ್ಕಿನಲ್ಲಿ ಮುಂದೆ ಸೇರುವ ‘ಫೈಲ್‌ಹಿಸ್ಟರಿ’, ಬಳಕೆದಾರರ ಹೆಸರು, ಗಣಕದ ಹೆಸರು, ‘ಡೇಟಾ’. ಕೊನೆಯಲ್ಲಿ ಸೇರುವ ಕಾಲಮುದ್ರೆಗೇ 26. ಮೂಲ ಗಣಕದಲ್ಲಿ ಸಲೀಸಾಗಿ ತೆರೆಯುವ ಫೈಲು ಪ್ರತಿಯಾಗುವಾಗ ಮಿತಿ ಮೀರುವುದು ಹೀಗೆ. ನಮ್ಮಲ್ಲಿ ‘ಕುಟುಂಬದ ಛಾಯಾಚಿತ್ರಗಳು’ ಎಂಬುದರೊಳಗೆ ‘ದಕ್ಷಿಣ ಕರ್ನಾಟಕದ ತೀರ್ಥಕ್ಷೇತ್ರಗಳ ಯಾತ್ರೆ’, ಅದರೊಳಗೆ ಊರಿನ ಹೆಸರು, ಅದರೊಳಗೆ ದಿನದ ವಿವರ, ಹೀಗೆ ಐದು ಪದರವಿತ್ತು. ತಂದೆಯವರು ಅಷ್ಟು ಅಕ್ಕರೆಯಿಂದ ಹೆಸರಿಟ್ಟು ಜೋಡಿಸಿದ ಚಿತ್ರಗಳೇ ಪ್ರತಿಯಿಲ್ಲದೆ ಉಳಿದಿದ್ದವು.

ಇದನ್ನು ಊಹಿಸಬೇಕಾಗಿಲ್ಲ. ಫೈಲ್ ಹಿಸ್ಟರಿಯ ‘ಅಡ್ವಾನ್ಸ್ಡ್ ಸೆಟ್ಟಿಂಗ್ಸ್’ ಪುಟದ ಕೆಳಗಡೆ ಅದರದೇ ಇವೆಂಟ್ ದಾಖಲೆಗೆ ಕೊಂಡಿಯಿದೆ. ಅಲ್ಲಿ ಹಾದಿ ಮಿತಿ ಮೀರಿದ್ದರಿಂದ ಅಥವಾ ಬೆಂಬಲವಿಲ್ಲದ ಚಿಹ್ನೆ ಇರುವುದರಿಂದ ಪ್ರತಿಯಾಗಲಿಲ್ಲ ಎಂಬ ಎಚ್ಚರಿಕೆ, ಫೈಲಿನ ಪೂರ್ಣ ಹೆಸರಿನೊಂದಿಗೆ ಸಿಗುತ್ತದೆ. ಕನ್ನಡ ಹೆಸರುಗಳನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಪದರಗಳನ್ನು ಕಡಿಮೆ ಮಾಡಿ, ಮೇಲಿನ ಫೋಲ್ಡರಿಗೆ ‘ಚಿತ್ರ’, ‘ಯಾತ್ರೆ 2019’ ಎಂಬಂತಹ ಗಿಡ್ಡ ಹೆಸರಿಟ್ಟು, ವಿವರವನ್ನು ಒಳಗೊಂದು ಟಿಪ್ಪಣಿ ಫೈಲಿನಲ್ಲಿ ಬರೆದಿಟ್ಟರೆ ಸಾಕಾಗುತ್ತದೆ. ಉಬುಂಟು ಮುಂತಾದ ಲಿನಕ್ಸ್ ಗಣಕಕ್ಕೆ ಪ್ರತಿ ಕಳಿಸುವವರು ಇನ್ನೊಂದನ್ನು ಗಮನಿಸಬೇಕು: ಅಲ್ಲಿನ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಒಂದು ಹೆಸರಿನ ಮಿತಿ 255 ಬೈಟು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು, ಅಂದರೆ ಒಂದು ಹೆಸರಿಗೆ 85 ಸಂಕೇತಗಳಷ್ಟೇ ಹಿಡಿಯುತ್ತವೆ.

ಡಿಸ್ಕ್ ಎಫ್‌ಎಟಿ32 ಎಂಬ ಹಳೆಯ ಕಡತವ್ಯವಸ್ಥೆಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ವಿಡಿಯೋಗಳು ಹೋಗುವುದಿಲ್ಲ. ಬ್ಯಾಕಪ್ ಡಿಸ್ಕ್ ಎನ್‌ಟಿಎಫ್‌ಎಸ್‌ನಲ್ಲಿರಲಿ.

ಟಾಸ್ಕ್ ಶೆಡ್ಯೂಲರ್ ಮತ್ತು ರೋಬೋಕಾಪಿ ಬಳಸುವವರಿಗೆ

ಇಲ್ಲಿ ದೋಷಗಳ ಸ್ವಭಾವ ಬೇರೆ. ಮೊದಲು ‘ಲಾಸ್ಟ್ ರನ್ ರಿಸಲ್ಟ್’ ನೋಡಿ. 0ಎಕ್ಸ್1 (ಅಂದರೆ 1) ಎಂದು ಕಂಡ ಕೂಡಲೇ ಸೋತಿದೆ ಎಂದು ಆಜ್ಞೆಯನ್ನು ತಿದ್ದತೊಡಗುವವರಿದ್ದಾರೆ. ರೋಬೋಕಾಪಿಯ ಭಾಷೆಯಲ್ಲಿ 0 ಎಂದರೆ ನಕಲು ಮಾಡಲು ಹೊಸದೇನೂ ಇರಲಿಲ್ಲ ಎಂದು, 1 ಎಂದರೆ ಫೈಲುಗಳು ಯಶಸ್ವಿಯಾಗಿ ನಕಲಾದವು ಎಂದು. 8 ಮತ್ತು ಅದಕ್ಕಿಂತ ಹೆಚ್ಚಿನ ಸಂಖ್ಯೆಗಳೇ ವೈಫಲ್ಯವನ್ನು ಸೂಚಿಸುವುದು.

ಸ್ಥಿತಿ ದಿನಗಟ್ಟಲೆ ‘ರನ್ನಿಂಗ್’ ಎಂದೇ ಇದ್ದರೆ ಯಾರೋ ತೆರೆದಿಟ್ಟ ಒಂದು ಫೈಲಿನ ಮುಂದೆ ರೋಬೋಕಾಪಿ ಕುಳಿತಿದೆ ಎಂದು ತಿಳಿಯಿರಿ. ಬೀಗ ಬಿದ್ದ ಫೈಲನ್ನು ಅದು 30 ಸೆಕೆಂಡಿಗೊಮ್ಮೆ, 10 ಲಕ್ಷ ಸಲ ಮತ್ತೆ ಮತ್ತೆ ಪ್ರಯತ್ನಿಸುವಂತೆ ಮೂಲದಲ್ಲೇ ಹೊಂದಿಸಲಾಗಿದೆ. ಲೆಕ್ಕ ಹಾಕಿದರೆ ಅದು ಒಂದು ಫೈಲಿಗೆ 347 ದಿನ. ಟಾಸ್ಕ್ ಶೆಡ್ಯೂಲರ್ ಸಾಮಾನ್ಯವಾಗಿ 3 ದಿನದ ಮೇಲೆ ಕೆಲಸವನ್ನು ನಿಲ್ಲಿಸುತ್ತದೆ, ಆ ನಡುವೆ ಹೊಸ ಸರದಿಯನ್ನು ಶುರುಮಾಡುವುದಿಲ್ಲ. ಹೀಗೆ ತೆರೆದುಬಿಟ್ಟ ಒಂದು ಎಕ್ಸೆಲ್ ಹಾಳೆ ಮೂರು ದಿನದ ಬ್ಯಾಕಪ್ಪನ್ನು ನುಂಗುತ್ತದೆ. ಆಜ್ಞೆಯಲ್ಲಿ ಮರುಪ್ರಯತ್ನದ ‘ಆರ್’ ಆಯ್ಕೆಗೆ 2, ಕಾಯುವ ‘ಡಬ್ಲ್ಯೂ’ ಆಯ್ಕೆಗೆ 5 ಎಂದು ಕೊಟ್ಟು, ದಾಖಲೆ ಬರೆಯಲು ‘ಲಾಗ್’ ಆಯ್ಕೆಯನ್ನೂ ಸೇರಿಸಿ.

ಲ್ಯಾಪ್‌ಟಾಪಿನಲ್ಲಿ ಕೆಲಸ ಶುರುವೇ ಆಗದಿದ್ದರೆ ‘ಕಂಡಿಷನ್ಸ್’ ಪುಟ ತೆರೆಯಿರಿ. ವಿದ್ಯುತ್ ಸಂಪರ್ಕದಲ್ಲಿದ್ದರೆ ಮಾತ್ರ ಶುರುಮಾಡು ಎಂಬ ಗುರುತು ಮೊದಲಿನಿಂದಲೇ ಬಿದ್ದಿರುತ್ತದೆ, ಮತ್ತು ನಮ್ಮಲ್ಲಿ ಕರೆಂಟು ಹೋಗುವ ಹೊತ್ತಿಗೂ ನೀವು ಇಟ್ಟ ಸಮಯಕ್ಕೂ ತಾಳೆಯಾದರೆ ಸರದಿ ತಪ್ಪುತ್ತದೆ. ‘ಸೆಟ್ಟಿಂಗ್ಸ್’ ಪುಟದಲ್ಲಿ ತಪ್ಪಿದ ಸರದಿಯನ್ನು ಆದಷ್ಟು ಬೇಗ ನಡೆಸು ಎಂಬ ಗುರುತನ್ನು ನೀವೇ ಹಾಕಬೇಕು. ಡ್ರೈವ್ ಅಕ್ಷರವನ್ನೂ ನೋಡಿ: ‘ಇ’ ಎಂದು ಆಜ್ಞೆಯಲ್ಲಿದ್ದು, ಆ ದಿನ ಪೆನ್‌ಡ್ರೈವ್ ಮೊದಲು ಚುಚ್ಚಿದ್ದರಿಂದ ಅದಕ್ಕೇ ‘ಇ’ ಸಿಕ್ಕಿದ್ದರೆ ನಿಮ್ಮ ಪ್ರತಿಗಳು ಪೆನ್‌ಡ್ರೈವಿಗೆ ಹೋಗಿರುತ್ತವೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಬ್ಯಾಕಪ್ ಡಿಸ್ಕಿಗೆ ವರ್ಣಮಾಲೆಯ ಕೊನೆಯ ಕಡೆಯ ಒಂದು ಅಕ್ಷರವನ್ನು ಕಾಯಂ ಮಾಡಿ. ಕೊನೆಯದಾಗಿ, ‘ಮಿರ್’ ಆಯ್ಕೆ ಬಳಸಿದ್ದರೆ ಮೂಲದಲ್ಲಿ ಅಳಿದದ್ದು ಮುಂದಿನ ಸರದಿಯಲ್ಲಿ ಪ್ರತಿಯಿಂದಲೂ ಅಳಿಯುತ್ತದೆ. ದೋಷ ಹುಡುಕುವ ದಿನಗಳಲ್ಲಿ ಆ ಕೆಲಸವನ್ನು ‘ಡಿಸೇಬಲ್’ ಮಾಡಿಡಿ.

ಪ್ರತಿ ಇದೆ, ಓದಲಾಗುತ್ತಿಲ್ಲ

ತಂದೆಯವರು ಹತ್ತಾರು ವರ್ಷ ಕೂತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ವಂಶಾವಳಿಯ ಪ್ರತಿಯನ್ನು ನನ್ನ ಲ್ಯಾಪ್‌ಟಾಪಿಗೆ ತಂದು ತೆರೆದಾಗ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳ ಮೇಲೆ ಗೆರೆ ಚುಕ್ಕೆ ಇಟ್ಟಂತಹ ಸಾಲುಗಳು. ಫೈಲ್ ಕೆಟ್ಟೇಹೋಯಿತೆಂದು ಮನೆಯವರ ಮುಖ ಬಾಡಿತು. ಫೈಲ್ ಕೆಟ್ಟಿರಲಿಲ್ಲ. ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಬರವಣಿಗೆಯಲ್ಲಿ ಕನ್ನಡದ ರೂಪವಿರುವುದು ಫಾಂಟಿನಲ್ಲಿ. ಆ ಫಾಂಟು ಇಲ್ಲದ ಗಣಕದಲ್ಲಿ ಅದೇ ಸಂಕೇತಗಳು ಇಂಗ್ಲಿಷ್ ರೂಪದಲ್ಲಿ ಕಾಣುತ್ತವೆ. ಫಾಂಟುಗಳು ಕುಳಿತಿರುವುದು ವಿಂಡೋಸ್ ಫೋಲ್ಡರಿನೊಳಗೆ, ಅಲ್ಲಿಗೆ ಫೈಲ್ ಹಿಸ್ಟರಿಯ ಕೈ ತಲುಪುವುದಿಲ್ಲ. ಮೂಲ ಗಣಕದ ‘ಫಾಂಟ್ಸ್’ ಫೋಲ್ಡರಿನಿಂದ ನುಡಿ, ಬರಹಕ್ಕೆ ಸೇರಿದವನ್ನು ಡಾಕ್ಯುಮೆಂಟ್ಸ್‌ನೊಳಗೆ ನಕಲು ಮಾಡಿಟ್ಟರೆ ಮುಂದೆ ಅವೂ ಬ್ಯಾಕಪ್ಪಿನೊಂದಿಗೆ ಹೋಗುತ್ತವೆ. ಬಿಡುವಾದಾಗ ಅಂಥ ಬರಹಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಮೂಲವನ್ನೂ ಅಳಿಸದೆ ಪಕ್ಕದಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಒತ್ತಕ್ಷರಗಳಲ್ಲಿ ಪರಿವರ್ತಕ ಎಡವಿದೆಯೇ ಎಂದು ತಾಳೆ ನೋಡಲು ಅದು ಬೇಕು.

ದುರಸ್ತಿಯಾಯಿತೆಂದು ಯಾವಾಗ ಹೇಳಬಹುದು

ಪರೀಕ್ಷಾ ಫೈಲುಗಳು ಮೂರೂ ಡಿಸ್ಕ್ ತಲುಪಿದ ಮೇಲೆ ಅವುಗಳಲ್ಲಿ ಒಂದನ್ನು ಮೂಲದಿಂದ ಅಳಿಸಿ, ‘ರಿಸ್ಟೋರ್ ಪರ್ಸನಲ್ ಫೈಲ್ಸ್’ ಮೂಲಕ ಹಿಂದಕ್ಕೆ ತನ್ನಿ. ಆಮೇಲೆ ಒಂದು ಫೋಟೋ, ಒಂದು ಎಕ್ಸೆಲ್, ಒಂದು ಕನ್ನಡ ಬರಹ, ಇಷ್ಟನ್ನು ಬೇರೆ ಗಣಕದಲ್ಲಿ ತೆರೆದು ನೋಡಿ. ಒಂದು ವಾರ ಬಿಟ್ಟು, ‘ರನ್ ನೌ’ ಒತ್ತದೆ, ಅದು ತಾನಾಗಿ ನಡೆದಿದೆಯೇ ಎಂದು ಕಾಲಮುದ್ರೆಯಿಂದ ಖಚಿತಪಡಿಸಿಕೊಳ್ಳಿ. ಸಿಸ್ಟಮ್ ದಾಖಲೆಯಲ್ಲಿ ಆ ವಾರ 157 ಮತ್ತೆ ಬಂದಿಲ್ಲವೆಂಬುದನ್ನೂ ನೋಡಿ. ಡಿಸ್ಕ್ ಸದಾ ಗಣಕಕ್ಕೇ ಅಂಟಿಕೊಂಡಿದ್ದರೆ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಬಂದಾಗ ಪ್ರತಿಗಳಿಗೂ ಬೀಗ ಬೀಳುವುದರಿಂದ, ಇನ್ನೊಂದು ಡಿಸ್ಕಿಗೆ ತಿಂಗಳಿಗೊಮ್ಮೆ ನಕಲು ಮಾಡಿ ಬೇರೆ ಮನೆಯಲ್ಲಿಡುವುದು ಅಗತ್ಯ. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಎಂಬ ಲೆಕ್ಕವೂ ಇದನ್ನೇ ಕೇಳುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ.

ವಕಾರಿ ಲೆಕ್ಕದ ಏಳು ತಿಂಗಳನ್ನು ವಕಾರಿಯವರು ಕೊಟ್ಟ ಪಟ್ಟಿಗಳಿಂದ ಒಂದೊಂದಾಗಿ ಮತ್ತೆ ತುಂಬಬೇಕಾಯಿತು. ಈಗ ಊರಮನೆಯ ಮೇಜಿನ ಬದಿಗೆ ಒಂದು ಕಾಗದ ಅಂಟಿಸಿದ್ದೇನೆ. ಗುಡುಗು ಬಂದಾಗ ಮೊದಲು ‘ಇಜೆಕ್ಟ್’ ಮಾಡಿ ಕೇಬಲ್ ಕೀಳಬೇಕು; ಆಕಾಶ ತಿಳಿಯಾದ ಮೇಲೆ ಹಿಂಭಾಗದ ನೀಲಿ ಪೋರ್ಟಿಗೇ ಅದನ್ನು ಹಾಕಬೇಕು; ಅಂದಿನ ತಾರೀಖಿನ ಹೆಸರಲ್ಲೊಂದು ಫೈಲ್ ಉಳಿಸಿ ‘ರನ್ ನೌ’ ಒತ್ತಬೇಕು; ಅದು ಡಿಸ್ಕಿನೊಳಗೆ ಕಂಡ ಮೇಲೆ ಕಾಗದದ ಮೇಲೆ ತಾರೀಖು ಬರೆಯಬೇಕು.